ಎದುರು ಗೋಡೆಯ ಎಡಭಾಗ

2025ರ ಮಾರ್ಚ್ 9, ಬೆಳಿಗ್ಗೆ 6 ಗಂಟೆ 12 ನಿಮಿಷ. ನೆಲಮಹಡಿಯ ಒಂದು ಕೋಣೆಯ ಕಿಟಕಿಯಲ್ಲಿ ಟ್ರೈಪಾಡ್, ಅದರ ಮೇಲೆ ಕ್ಯಾಮೆರಾ, ಅದರ ಹಿಂದೆ ಐವತ್ತೊಂದು ವರ್ಷದ ಹೆಂಗಸು. ರಸ್ತೆಯ ಆಚೆ, ಟೇಪು ಹಿಡಿದು ಅಳೆದರೆ ಸರಿಯಾಗಿ ಹನ್ನೊಂದು ಮೀಟರ್ ದೂರದಲ್ಲಿ, ಗೋದಾಮಿನ ಇಟ್ಟಿಗೆ ಗೋಡೆ. ರಾತ್ರಿಪಾಳಿ ಮುಗಿಸಿದ ಕಾವಲುಗಾರ ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಾನೆ. ಆತ ಹೋಗಲೆಂದು ಆಕೆ ಕಾಯುತ್ತಾರೆ. ಆತನಿಗೆ ಅವಸರವಿಲ್ಲ. ಇರುವ ನಾಲ್ಕು ಕೂದಲಿಗೆ ನಾಲ್ಕು ದಿಕ್ಕು ತೋರಿಸಿ, ಬಾಚಣಿಗೆಯನ್ನು ಜೇಬಿಗಿಳಿಸಿ, ಮೂಲೆ ತಿರುಗಿದ ಮೇಲಷ್ಟೇ ಇಲ್ಲಿ ಕ್ಲಿಕ್ ಎನ್ನುತ್ತದೆ. ಚಿತ್ರದಲ್ಲಿ ಇಟ್ಟಿಗೆ ಬಿಟ್ಟರೆ ಬೇರೇನೂ ಇಲ್ಲ.

ಊರಿನ ಫೋಟೋಗ್ರಾಫರುಗಳಿಗೆಲ್ಲ ಆಕೆ ಲೆನ್ಸಕ್ಕ. ಕೆಟ್ಟ ಲೆನ್ಸುಗಳನ್ನು ಬಿಚ್ಚಿ ಸರಿಮಾಡಿಕೊಡುವುದು ಹತ್ತೊಂಬತ್ತು ವರ್ಷದ ಕಸುಬು. ಬಿಚ್ಚುವ ಮೊದಲು ಎದುರು ಗೋಡೆಯ ಒಂದು ಚಿತ್ರ, ಜೋಡಿಸಿದ ಮೇಲೆ ಇನ್ನೊಂದು. ಬಿಸಿಲು ಏರುವ ಮೊದಲಿನ ಹೊತ್ತಿನಲ್ಲಿ ಗೋಡೆಯ ಮೇಲೆ ಬೆಳಕು ಸಮನಾಗಿ ಬಿದ್ದಿರುತ್ತದೆ. ಇಟ್ಟಿಗೆಯ ಅಂಚು ನಾಲ್ಕೂ ಮೂಲೆಯಲ್ಲಿ ಒಂದೇ ಸಮ ಚೂಪಾಗಿ ಬಂದರೆ ಲೆನ್ಸ್ ಸರಿಯಾಯಿತೆಂದು ಅರ್ಥ.

ಈ ಬೆಳಗಿನ ಲೆನ್ಸ್ ಸರಿಯಿಲ್ಲ. ಬಲಗಡೆ ಇಟ್ಟಿಗೆಯ ರಂಧ್ರಗಳನ್ನು ಎಣಿಸಬಹುದು. ಎಡಗಡೆ ಅದೇ ಇಟ್ಟಿಗೆ ನೀರಲ್ಲಿ ನೆನೆದ ಸಾಬೂನಿನಂತೆ ಕರಗಿದೆ. ಲೆನ್ಸಕ್ಕ ಅದನ್ನು ತುಂಬ ಹೊತ್ತು ನೋಡುತ್ತಾರೆ. ಈ ಕರಗಿದ ಎಡಭಾಗವನ್ನು ಅವರು ಬೇರೆಲ್ಲೋ ಕಂಡಿದ್ದಾರೆ.

ಲೆನ್ಸ್ ಅವರ ತಂಗಿಯದು. ಏಳು ವರ್ಷ ಚಿಕ್ಕವಳು, ಫೋಟೋಗ್ರಾಫರ್. ಹೋದ ನವೆಂಬರಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಈ ಫೆಬ್ರವರಿಯಲ್ಲಿ ದೊಡ್ಡ ಬಹುಮಾನ ಬಂತು. ಆ ಚಿತ್ರ ಇದೇ ಗೋಡೆಯದು, ಇದೇ ಕಿಟಕಿಯಿಂದ ತೆಗೆದದ್ದು.

"ಹೊಟ್ಟೆಕಿಚ್ಚು ಅಂತ ಹೇಳ್ಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ" ಎನ್ನುತ್ತಾರೆ ಲೆನ್ಸಕ್ಕ. "ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಆ ಗೋಡೆ ಮುಖ ನೋಡಿದ್ದು ನಾನು. ಅವಳು ನೋಡಿದ್ದು ಒಂದು ದಿನ."

ಒಳಕೋಣೆಯಿಂದ ಅಮ್ಮನ ದನಿ ಬರುತ್ತದೆ. "ಇವಳ ಹೊಟ್ಟೆಕಿಚ್ಚಲ್ಲಿ ಒಂದು ತಿಂಗಳಿಂದ ಸ್ನಾನಕ್ಕೆ ನೀರು ಕಾಯಿಸಿದ್ದೀವಿ."

ಅಪ್ಪನಿಗೆ ಸ್ಟುಡಿಯೋ ಇತ್ತು. ಹಗಲು ಫೋಟೋ ತೆಗೆಯುತ್ತಿದ್ದರು, ಸಂಜೆ ರಿಪೇರಿ ಮಾಡುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಿಗೆ ಕಸುಬನ್ನು ಅವರೇ ಹಂಚಿದರು. ದೊಡ್ಡವಳ ಕೈ ನಡುಗುವುದಿಲ್ಲವೆಂದು ಸ್ಕ್ರೂಡ್ರೈವರ್ ಕೊಟ್ಟರು. ಚಿಕ್ಕವಳ ಕೈ ನಡುಗುತ್ತದೆಂದು ಟ್ರೈಪಾಡ್ ಕೊಟ್ಟರು, ಅದರ ಮೇಲೆ ಕ್ಯಾಮೆರಾವೂ ಇತ್ತು. ನಡುಗದ ಕೈಗೆ ಕತ್ತಲೆಕೋಣೆ, ನಡುಗುವ ಕೈಗೆ ಊರೂರು ತಿರುಗಾಟ. ಇದೆಂಥ ನ್ಯಾಯವೆಂದು ಲೆನ್ಸಕ್ಕ ಅಪ್ಪನನ್ನು ಕೇಳಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಅಪ್ಪ ಇರಲಿಲ್ಲ.

ಕೋಣೆ ಹತ್ತಡಿಗೆ ಎಂಟಡಿ. ಬೇಸಿಗೆಯಲ್ಲೂ ಫ್ಯಾನ್ ಹಾಕುವುದಿಲ್ಲ, ಧೂಳು ಏಳುತ್ತದೆ. ಮೇಜಿನ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಗಡಿಯಾರದ ಮುಖ. ಲೆನ್ಸಿನ ಹನ್ನೆರಡು ಗಂಟೆಯ ಜಾಗದಲ್ಲಿ ಬಿಚ್ಚಿದ ಸ್ಕ್ರೂ ಹಾಳೆಯ ಹನ್ನೆರಡಕ್ಕೆ, ನಾಲ್ಕರದು ನಾಲ್ಕಕ್ಕೆ. ಒಂದೊಂದು ಸ್ಕ್ರೂವೂ 1.4 ಮಿಲಿಮೀಟರ್, ಸಾಸಿವೆಗಿಂತ ಸಣ್ಣದು. ಬೂಷ್ಟು ಹಿಡಿದದ್ದು, ಮರಳು ಹೊಕ್ಕದ್ದು, ಅಂಗಿಯ ತುದಿಯಿಂದ ಒರೆಸಿ ಗೀರು ಮಾಡಿದ್ದು, ಎಲ್ಲವೂ ಈ ಹಾಳೆಯ ಮೇಲೆ ಬಂದು ಮಲಗುತ್ತವೆ. ಒಬ್ಬ ಗಿರಾಕಿ ಲೆನ್ಸನ್ನು ಶಾಂಪೂ ಹಾಕಿ ತೊಳೆದು ತಂದಿದ್ದನಂತೆ. "ಕಂಡೀಷನರ್ ಹಾಕಿಲ್ವಾ ಅಂತ ಕೇಳ್ದೆ. ಮರೆತುಹೋಯ್ತು ಅಕ್ಕ ಅಂದ."

ವರ್ಷಕ್ಕೆ ಸುಮಾರು 245 ಲೆನ್ಸ್. ಇದುವರೆಗೆ ಮುಗಿಸಿಕೊಟ್ಟದ್ದು 4,658. ಲೆನ್ಸಿಗೆ ಎರಡರಂತೆ ಗೋಡೆಯ ಚಿತ್ರಗಳು 9,316 ಇರಬೇಕು. ಕಂಪ್ಯೂಟರಿನಲ್ಲಿ ಇರುವುದು 9,315. ಕಾಣೆಯಾದ ಆ ಒಂದು ಚಿತ್ರ ಈಗ ಕಲಾಭವನದ ಗೋಡೆಯ ಮೇಲಿದೆ.

ಆಗಿದ್ದು ಇಷ್ಟು. ನವೆಂಬರಿನ ಒಂದು ಬೆಳಿಗ್ಗೆ, ತಂಗಿಯ ಇದೇ ಲೆನ್ಸನ್ನು ಜೋಡಿಸಿ ಕೊನೆಯ ಸ್ಕ್ರೂ ಬಿಗಿಯುವಾಗಲೇ ತಂಗಿ ಬಂದು ತಲೆಯ ಮೇಲೆ ನಿಂತಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಪರೀಕ್ಷೆಯ ಚಿತ್ರ ತೆಗೆದು ಕೊಡುತ್ತೇನೆಂದರೆ, "ನೀನು ಆ ತಾತ ಬೋಳಾಗೋವರೆಗೂ ಕಾಯ್ತೀಯ, ನಾನೇ ತೆಗೀತೀನಿ ಕೊಡು" ಎಂದು ಕಿತ್ತುಕೊಂಡಳು. ಬಲಗಡೆ ಕಾವಲುಗಾರ ಬಾಚಣಿಗೆ ಹಿಡಿದು ನಿಂತಿದ್ದಂತೆಯೇ ಒತ್ತಿದಳು. ಚೂಪು ಇದೆಯಾ ಎಂದು ಅಕ್ಕ ಕೇಳಿದರು. ತಂಗಿ ಪರದೆಯ ಮೇಲೆ ಕಾವಲುಗಾರನ ಮುಖವನ್ನಷ್ಟೇ ದೊಡ್ಡದು ಮಾಡಿ ನೋಡಿ, "ಕತ್ತಿ ಹಾಗಿದೆ ಅಕ್ಕ" ಎಂದು ಓಡಿದಳು. ತಂಗಿ ತಾನೇ ಎಂದು ಅಕ್ಕ ಬಿಟ್ಟರು. ಎಡಭಾಗವನ್ನು ಇಬ್ಬರೂ ನೋಡಲಿಲ್ಲ.

ಎಡಭಾಗವನ್ನು ನೋಡಿದವರು ತೀರ್ಪುಗಾರರು. ಬಲಗಡೆ ಮನುಷ್ಯ ಎಚ್ಚರದಂತೆ ನಿಂತಿದ್ದಾನೆ, ಎಡಗಡೆ ಗೋಡೆ ನಿದ್ದೆಯಂತೆ ಕರಗುತ್ತಿದೆ ಎಂದು ಬರೆದರು. ಆ ಸಾಲನ್ನು ಅಮ್ಮ ಮೂರು ಸಲ ಓದಿಸಿಕೊಂಡರು. ಓದಿದ್ದು ಲೆನ್ಸಕ್ಕ, ಅದು ತಂಗಿ ಬೇಕೆಂದೇ ಮಾಡಿದ್ದೆಂದು ನಂಬಿಕೊಂಡು.

ಮೊನ್ನೆ ತಂಗಿಗೆ ಇನ್ನೊಂದು ದೊಡ್ಡ ಕೆಲಸ ಸಿಕ್ಕಿತು: ಗ್ರಂಥಾಲಯವೊಂದರ ಹಳೆಯ ನಕ್ಷೆಗಳ ಚಿತ್ರ ತೆಗೆಯುವುದು, 240 ಹಾಳೆ, ಒಂದು ವರ್ಷದ ಕೆಲಸ. ಮಾದರಿಗೆ ಕಳಿಸಿದ ಮೂರು ಚಿತ್ರಗಳೂ ವಾಪಸ್ ಬಂದವು. ಎಡಗಡೆಯ ಊರುಗಳ ಹೆಸರು ಓದಲಾಗದು, ಬುಧವಾರದೊಳಗೆ ಸರಿಯಾದವು ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ನಿನ್ನೆ ಸಂಜೆ ತಂಗಿ ಲೆನ್ಸ್ ತಂದಿಟ್ಟು, "ಎಲ್ಲೋ ತಾಗಿಸಿಬಿಟ್ಟಿದ್ದೀನಿ ಅಕ್ಕ, ನನ್ನ ಕೈ ಗೊತ್ತಲ್ಲ" ಎಂದಳು. ಬಹುಮಾನ ಬಂದ ಮೇಲೆ ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. ಲೆನ್ಸಕ್ಕನಿಗೆ ಅದು ಹಿತವಾಗಿತ್ತು.

6 ಗಂಟೆ 40ಕ್ಕೆ ಲೆನ್ಸ್ ಬಿಚ್ಚಿಕೊಳ್ಳುತ್ತದೆ. ಮುಂದಿನ ಗಾಜನ್ನು ಹಿಡಿದಿರುವ ಮೂರು ಸ್ಕ್ರೂಗಳ ಕೆಳಗೆ ಮೂರು ಶಿಮ್, ಅಂದರೆ ಗಾಜು ಓರೆಯಾಗದಂತೆ ಕೂರಿಸುವ ಹಿತ್ತಾಳೆಯ ತೆಳು ಬಿಲ್ಲೆಗಳು. ಲೆನ್ಸಕ್ಕ ಚಿಮಟದಿಂದ ಎತ್ತಿ ಒಂದೊಂದರ ದಪ್ಪ ಅಳೆಯುತ್ತಾರೆ. ಬಿಚ್ಚುವಾಗಿನ ದಪ್ಪಗಳನ್ನು ಬರೆದಿಟ್ಟ ನವೆಂಬರಿನ ಹಾಳೆಯನ್ನು ತೆಗೆದು ಹೋಲಿಸುತ್ತಾರೆ. ಹನ್ನೆರಡರದು ಸರಿಯಿದೆ. ನಾಲ್ಕು ಗಂಟೆಯ ಬಿಲ್ಲೆ ಎಂಟರಲ್ಲಿದೆ, ಎಂಟರದು ನಾಲ್ಕರಲ್ಲಿ.

ಲೆನ್ಸ್ ಎಲ್ಲಿಯೂ ತಾಗಿಲ್ಲ. ಮುಂದಿನಿಂದ ನೋಡಿ ಬಿಚ್ಚಿದ್ದನ್ನು ಮಗುಚಿ ಹಿಂದಿನಿಂದ ಜೋಡಿಸಿದರೆ ಗಡಿಯಾರ ತಿರುವುಮುರುವಾಗುತ್ತದೆ. ಕಲಿಯುವ ಮೊದಲ ವಾರದಲ್ಲೇ ಅಪ್ಪ ಹೇಳಿಕೊಟ್ಟ ಎಚ್ಚರಿಕೆ ಅದು, ನವೆಂಬರಿನಲ್ಲಿ ಲೆನ್ಸಕ್ಕ ತಪ್ಪಿದ್ದೂ ಅಲ್ಲೇ.

ಅವರ ರಿಪೇರಿ ಚೀಟಿಯಲ್ಲಿ "ದೋಷದ ಕಾರಣ" ಎಂಬ ಸಾಲಿದೆ. ಬಿದ್ದದ್ದು, ನೀರು, ಬೂಷ್ಟು, ಮರಳು, ಹಿಂದಿನ ರಿಪೇರಿಯ ತಪ್ಪು. ಐದನೆಯದನ್ನೂ ಅಪ್ಪನೇ ಅಚ್ಚು ಹಾಕಿಸಿದ್ದು. ಅದರ ಮುಂದಿನ ಚೌಕದಲ್ಲಿ ಲೆನ್ಸಕ್ಕ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಗುರುತು ಹಾಕಿಲ್ಲ. "ನನ್ನ ತಪ್ಪಿಗೆ ಒಂದು ಲೆನ್ಸೂ ವಾಪಸ್ ಬಂದಿಲ್ಲ" ಎಂಬುದೇ ಅವರ ಅಂಗಡಿಯ ಬೋರ್ಡು.

ಬಿಲ್ಲೆಗಳನ್ನು ಅದಲುಬದಲು ಮಾಡಿ ಸುಮ್ಮನೆ ಕೊಟ್ಟರೆ ಯಾರಿಗೂ ತಿಳಿಯದು. ತಂಗಿ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ. ಆದರೆ ಸುಮ್ಮನಿದ್ದರೆ ಆ ನಿದ್ದೆಯಂಥ ಗೋಡೆ ಎಲ್ಲಿಂದ ಬಂತೆಂದು ಕೂಡ ಯಾರಿಗೂ ತಿಳಿಯದು. ಬಹುಮಾನದಲ್ಲಿ ಪಾಲು ಕೇಳಬೇಕಾದರೆ ತಪ್ಪನ್ನು ಒಪ್ಪಬೇಕು. ತಪ್ಪನ್ನು ಮುಚ್ಚಿಟ್ಟರೆ ಪಾಲೂ ಅದರೊಂದಿಗೆ ಮುಚ್ಚಿಹೋಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

ಹತ್ತು ಗಂಟೆಗೆ ತಂಗಿ ಬರುತ್ತಾಳೆ. ಅಮ್ಮ ಚಹಾ ತಂದಿಟ್ಟು, ಹೋಗದೆ ಅಲ್ಲೇ ನಿಲ್ಲುತ್ತಾರೆ. ಲೆನ್ಸಕ್ಕ ಬಿಚ್ಚಿಟ್ಟ ಲೆನ್ಸನ್ನು ತೋರಿಸಿ, ನಾಲ್ಕು ಮತ್ತು ಎಂಟನ್ನು ಬೆರಳಿಟ್ಟು ತೋರಿಸಿ, ಎಲ್ಲವನ್ನೂ ಹೇಳುತ್ತಾರೆ.

ತಂಗಿ ಚಹಾ ಕೆಳಗಿಡುತ್ತಾಳೆ. "ಅಂದ್ರೆ ನನ್ನ ಬಹುಮಾನ ನಿನ್ನ ತಪ್ಪಿಗೆ ಬಂದಿದ್ದಾ?"

"ಅರ್ಧ."

"ಉಳಿದರ್ಧ?"

"ಆ ತಾತ ನಿಂತಾಗ ಒತ್ತಿದ್ದಕ್ಕೆ. ನಾನಾಗಿದ್ರೆ ಅವನು ಹೋಗ್ಲಿ ಅಂತ ಕಾಯ್ತಿದ್ದೆ."

"ಈ ಮಾತನ್ನ ನಾಲ್ಕು ತಿಂಗಳು ಹೊಟ್ಟೇಲಿ ಇಟ್ಕೊಂಡಿದ್ಯಾ?"

"ಗೊತ್ತಾಗಿದ್ದೇ ಇವತ್ತು ಕಣೇ. ಗೊತ್ತಿದ್ದಿದ್ರೆ ಅವತ್ತೇ ಊರಿಗೆಲ್ಲ ಹೇಳ್ತಿದ್ದೆ."

ಅಮ್ಮ ನಗುತ್ತಾರೆ. ತಂಗಿ ನಗುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಗೋಡೆಯ ಚಿತ್ರಗಳನ್ನು ಸಾಲುಸಾಲಾಗಿ ಸರಿಸಿ ನೋಡುತ್ತಾಳೆ. ಲೆನ್ಸಕ್ಕ ಬೆನ್ನು ತಿರುಗಿಸಿ ಕೂತರೂ ಕಿವಿ ಅತ್ತಲೇ ಇದೆ. ಹತ್ತೊಂಬತ್ತು ವರ್ಷದ ಬೆಳಗು, ಅದರಲ್ಲಿ ಬಹುಮಾನಕ್ಕೆ ತಕ್ಕದ್ದು ಒಂದಾದರೂ ಇದ್ದೀತು. ಮುಕ್ಕಾಲು ಗಂಟೆಯ ನಂತರ ತಂಗಿ ಕುರ್ಚಿ ಹಿಂದೆ ಸರಿಸುತ್ತಾಳೆ.

"ಬರೀ ಇಟ್ಟಿಗೆ, ಅಕ್ಕ."

"ನಾನು ತೆಗೆದಿದ್ದೂ ಇಟ್ಟಿಗೇನೇ."

"ಆದ್ರೆ ನೀನು ಜೋಡಿಸಿದ್ದು ಒಂದೂ ಓರೆಯಾಗಿಲ್ಲ. ನಾಲ್ಕು ಸಾವಿರದಲ್ಲಿ ಒಂದೂ." ತಂಗಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾಳೆ. "ಅಪ್ಪ ನಂಗೆ ಆ ಸ್ಕ್ರೂಡ್ರೈವರ್ ಮುಟ್ಟೋಕೂ ಬಿಡ್ಲಿಲ್ಲ. ನಂಗೇನು ಹೊಟ್ಟೆ ಉರೀತಿರ್ಲಿಲ್ಲ ಅಂದ್ಕೊಂಡ್ಯಾ?"

ಲೆನ್ಸಕ್ಕ ಚಿಮಟ ಕೈಗೆ ತೆಗೆದುಕೊಳ್ಳುತ್ತಾರೆ. ಅವರು ಬಿಲ್ಲೆಗಳನ್ನು ಎತ್ತಿಕೊಳ್ಳುತ್ತಾರೆ. ಸರಿಮಾಡಿದರೆ ಅಂಥ ಚಿತ್ರ ಮತ್ತೆ ಬರುವುದಿಲ್ಲ, ಯೋಚಿಸು ಎನ್ನುತ್ತಾರೆ. ಹಾಗೆನ್ನುವಾಗ ತಮಗೆ ಸ್ವಲ್ಪ ಸಂತೋಷವೂ ಆಯಿತೆಂದು ಆಮೇಲೆ ತಾವಾಗಿಯೇ ಒಪ್ಪಿಕೊಂಡರು.

"ಬುಧವಾರ ಊರುಗಳ ಹೆಸರು ಓದೋಕಾಗ್ಬೇಕು" ಎನ್ನುತ್ತಾಳೆ ತಂಗಿ. "ಹಾಕು."

ಮರುದಿನ ಬೆಳಗಿನ ಚಿತ್ರದಲ್ಲಿ ನಾಲ್ಕು ಮೂಲೆಯ ಇಟ್ಟಿಗೆಗಳೂ ಚೂಪಾಗಿವೆ. ಕಾವಲುಗಾರ ಹೋಗುವವರೆಗೆ ಲೆನ್ಸಕ್ಕ ಎಂದಿನಂತೆ ಕಾದರು. ಚೀಟಿಯ ಐದನೆಯ ಚೌಕದಲ್ಲಿ ಶಾಯಿಯಿಂದ ಗುರುತು ಹಾಕಿದರು. ಬುಧವಾರ ಮಧ್ಯಾಹ್ನ ಗ್ರಂಥಾಲಯದಿಂದ ಒಪ್ಪಿಗೆ ಬಂತು.

ಏನಾದರೂ ಆಸೆ ಇದೆಯೇ ಎಂದರೆ ಲೆನ್ಸಕ್ಕ ಕನ್ನಡಕ ಒರೆಸುತ್ತಾರೆ. "ಹೆಸರು ಗಿಸರು ಬೇಡ. ಚಿತ್ರದ ಕೆಳಗೆ ಲೆನ್ಸು ಎಷ್ಟು, ಶಟರ್ ಎಷ್ಟು ಅಂತ ಲೆಕ್ಕ ಬರೆದಿರ್ತಾರಲ್ಲ, ಅದು ಪೂರ್ತಿ ಇರ್ಲಿ. ಅರ್ಧ ಲೆಕ್ಕ ಕಂಡ್ರೆ ನಂಗಾಗಲ್ಲ."

ಕಲಾಭವನದಲ್ಲಿ ಆ ಚಿತ್ರದ ಕೆಳಗೆ ಈಗ ಹೊಸ ಚೀಟಿ ಇದೆ. ಮೊದಲ ಮೂರು ಸಾಲು ಅಚ್ಚಿನವು: 35 ಮಿಲಿಮೀಟರ್ ಲೆನ್ಸ್, ಎಫ್ 1.8, ಸೆಕೆಂಡಿನ 1/60 ಭಾಗ. ನಾಲ್ಕನೆಯದನ್ನು ತಂಗಿ ಕೈಯಲ್ಲೇ ಬರೆದಿದ್ದಾಳೆ, ಅಕ್ಷರ ಸ್ವಲ್ಪ ನಡುಗಿದೆ: ಅಕ್ಕ ಕೂರಿಸಿದ ಎರಡು ಬಿಲ್ಲೆಗಳ ದಪ್ಪದ ವ್ಯತ್ಯಾಸ, 0.03 ಮಿಲಿಮೀಟರ್.