ಮೂರನೇ ತಾಕಿನ ಮಣ್ಣು

ಕಳೆದ ವಾರ ಪಕ್ಕದ ಮನೆಯವರು ಹಸುವಿಗೆಂದು ಹತ್ತಿಬೀಜ ನೆನೆಸಿಟ್ಟಿದ್ದರು. ಜಗುಲಿಯಲ್ಲಿ ಕೂತಿದ್ದ ನನಗೆ ಆ ವಾಸನೆ ಬಂತು. ಅರ್ಧ ಎಣ್ಣೆ, ಅರ್ಧ ಒದ್ದೆ ಗೋಣಿ... ಮೂವತ್ತರ ದಶಕದಲ್ಲಿ, ಕೊಯಮತ್ತೂರಿನ ಕಾಲೇಜೊಂದರಲ್ಲಿ, ನಮ್ಮ ಪ್ರೊಫೆಸರರ ಕೋಣೆ ಹೀಗೇ ಇರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅಗಲವಾದ ತಟ್ಟೆಗಳಲ್ಲಿ ಬೀಜ ನೆನೆಹಾಕಿ, ಎಷ್ಟು ಮೊಳೆತವೆಂದು ಅವರೇ ಬಗ್ಗಿ ನೋಡುತ್ತಿದ್ದರು.

ನಾನು ಆಗ ಅಲ್ಲಿ ಕಿರಿಯ ಉಪನ್ಯಾಸಕ. ಕೊಯಮತ್ತೂರಿಗೆ ಹತ್ತಿರದ ಸಿಂಗಾನಲ್ಲೂರಿನ ನೇಕಾರರ ಮನೆಯವನು. ಮನೆಯಲ್ಲಿ ಕನ್ನಡ ಆಡುತ್ತಿದ್ದೆವು, ಓದಲು ಬರುತ್ತಿದ್ದದ್ದು ತಮಿಳು ಮತ್ತು ಇಂಗ್ಲಿಷ್ ಮಾತ್ರ. ಪ್ರೊಫೆಸರರು ಅದೇ ಸೀಮೆಯ ತೊಂಡಾಮುತ್ತೂರಿನ ಒಕ್ಕಲು ಮನೆತನದವರು, ಅವರದೂ ಅದೇ ಮನೆಮಾತು. ಕಾಲೇಜಿನಲ್ಲಿ ಎಲ್ಲರೊಡನೆ ತಮಿಳು, ಇಂಗ್ಲಿಷ್ ಆಡುತ್ತಿದ್ದ ಅವರು, ನಾವಿಬ್ಬರೇ ಇದ್ದಾಗ ಕನ್ನಡಕ್ಕೆ ಇಳಿಯುತ್ತಿದ್ದರು. ಬೇರೆಯವರಾಗಿದ್ದರೆ ಇದನ್ನು ಸಲಿಗೆ ಅಂದುಕೊಳ್ಳುತ್ತಿದ್ದರೇನೋ. ನನಗೆ ಮಾತ್ರ, ಇವರಿಗೆ ನನ್ನಿಂದ ಏನೋ ಬೇಕಾಗಿದೆ ಅನ್ನಿಸುತ್ತಿತ್ತು.

ಸೂಲೂರಿನ ಒಬ್ಬ ರೈತರ ಹೊಲವನ್ನು ಆರು ತಾಕುಗಳಾಗಿ ಮಾಡಿ, ತಾಕಿಗೊಂದರಂತೆ ನಾನು ಹತ್ತಿಯ ತಳಿಗಳನ್ನು ಬೆಳೆಸುತ್ತಿದ್ದೆ. ಗಿಡ ನಿಂತಲ್ಲೇ ಬಾಡಿಹೋಗುವ ರೋಗ ಆಗ ಆ ಸೀಮೆಯಲ್ಲೆಲ್ಲ ಇತ್ತು. ಮೂರನೇ ತಾಕಿನ ಗಿಡಗಳು ಮಾತ್ರ ಎರಡು ವರ್ಷ ಸತತವಾಗಿ ಹಸಿರಾಗಿ ನಿಂತವು. ರೋಗ ತಡೆಯುವ ತಳಿ ಸಿಕ್ಕಿತೆಂದು ನನ್ನ ಎದೆ ಉಬ್ಬಿತು. ಕೆಲಸ ಮುಂದುವರಿಸಲು ದೆಹಲಿಯಿಂದ ಸಂಶೋಧನೆಯ ಅನುದಾನ ಕೇಳಬಹುದಿತ್ತು. ಆದರೆ ಅರ್ಜಿ ಕಳಿಸುವ ಮೊದಲು ಹಿರಿಯರಿಗೆ ತೋರಿಸಿ ಸಲಹೆ ಪಡೆಯಬೇಕು. ಹಿರಿಯರೆಂದರೆ ಈ ಪ್ರೊಫೆಸರರೇ.

ನನ್ನ ಹೊಲದ ನೋಟ್‌ಬುಕ್ಕುಗಳನ್ನೆಲ್ಲ ಅವರು ಕೇಳಿ ತೆಗೆದುಕೊಂಡರು. ಮೂರು ವಾರವಾದರೂ ಹಿಂತಿರುಗಿಸಲಿಲ್ಲ. ಪಕ್ಕದ ವಿಭಾಗದ ಸಹೋದ್ಯೋಗಿಯೊಬ್ಬರು ವರಾಂಡದಲ್ಲಿ ತಡೆದು, ಪ್ರೊಫೆಸರರ ಕೈ ಸೇರಿದ ಕೆಲಸ ಅವರ ಹೆಸರಲ್ಲೇ ಹೊರಬರುತ್ತದೆ, ಹುಷಾರು ಎಂದರು. ಆ ಸಹೋದ್ಯೋಗಿಯೂ ಅದೇ ಅನುದಾನಕ್ಕೆ ಅರ್ಜಿ ಬರೆಯುತ್ತಿದ್ದರೆಂಬುದು ಗೊತ್ತಿದ್ದರೂ ನಾನು ಆ ಮಾತನ್ನೇ ನಂಬಿದೆ.

ಕೊನೆಗೊಂದು ದಿನ ಕರೆಸಿದರು. ಮೇಜಿನ ಮೇಲೆ ನನ್ನ ನೋಟ್‌ಬುಕ್ ತೆರೆದಿತ್ತು.

"ಕುಂತ್ಕೋ ತಂಬಿ. ಈ ಮೂರನೇ ತಾಕು ಇದೆಯಲ್ಲ, ಅದರ ಮಣ್ಣು ಎಲ್ಲಿಂದ ಬಂತು? ಹೊಲದವರನ್ನ ಕೇಳಿದ್ಯಾ?"

"ಕೇಳ್ಲಿಲ್ಲ ಸಾರ್. ಎಲ್ಲಾ ಒಂದೇ ಹೊಲ ತಾನೆ."

"ಒಂದೇ ಹೊಲವಾ... ನಾನು ಹೋಗಿ ಕೇಳ್ದೆ. ಆ ಮೂಲೆಗೆ ಮಾತ್ರ ಕೆರೆ ಗೋಡು ಮಣ್ಣು ತಂದು ಹಾಕವ್ರೆ. ಗಿಡ ಉಳಿದದ್ದು ತಳಿಯಿಂದಲೋ, ಮಣ್ಣಿನಿಂದಲೋ? ಅದನ್ನ ನೀನೇ ಬರಿ. ದೆಹಲಿಯವರು ಕೇಳೋಕೆ ಮುಂಚೆ ನೀನೇ ಹೇಳ್ಬುಡು."

ನನಗೆ ಮೈ ಉರಿಯಿತು. ನನಗೆ ಹೇಳದೆ ಸೂಲೂರಿಗೆ ಹೋಗಿದ್ದೇಕೆ? ನನ್ನ ಅರ್ಜಿಯಲ್ಲಿ ನನ್ನಿಂದಲೇ ತೂತು ಕೊರೆಸುವುದೇಕೆ? ಅರ್ಜಿ ಬಿದ್ದರೆ ಕೆಲಸ ಯಾರ ಪಾಲಾಗುತ್ತದೆ? ಆದರೂ ಅವರೆದುರಿಗೆ ತಲೆಯಾಡಿಸಿ, ಅವರು ಹೇಳಿದಂತೆ ಒಂದು ಪ್ಯಾರಾ ಸೇರಿಸಿದೆ. ಅವರು ಓದಿ ಸಹಿ ಹಾಕಿ, ಕಾರ್ಬನ್ ಪ್ರತಿಯನ್ನು ತಮ್ಮ ಫೈಲಿನಲ್ಲಿಟ್ಟುಕೊಂಡರು. ಅಂಚೆಗೆ ಹಾಕುವ ಮೊದಲು ಆ ಒಂದು ಹಾಳೆಯನ್ನು ತೆಗೆದು, ಪ್ಯಾರಾ ಬಿಟ್ಟು ಬೇರೆ ಟೈಪು ಮಾಡಿ ಸೇರಿಸಿದೆ. ಅವರ ಸಹಿಯಿದ್ದ ಕೊನೆಯ ಹಾಳೆ ಹಾಗೇ ಉಳಿಯಿತು.

ಅನುದಾನ ಬಂತು. ಆ ತಳಿಯನ್ನು ಬೇರೆ ಬೇರೆ ಕಡೆಯ ಹೊಲಗಳಲ್ಲಿ ಬಿತ್ತಿದೆವು. ಎರಡನೇ ವರ್ಷದ ಹೊತ್ತಿಗೆ ಎಲ್ಲ ಕಡೆ ಗಿಡ ಬಾಡಿತು. ನನ್ನನ್ನು ನಂಬಿ ನೆಲ ಕೊಟ್ಟವರ ಎದುರು ನಿಲ್ಲಲಾಗದೆ ಹೊಲಕ್ಕೆ ಹೋಗುವುದನ್ನೇ ಬಿಟ್ಟೆ.

ವಿಚಾರಿಸಲು ದೆಹಲಿಯಿಂದ ಅಧಿಕಾರಿಯೊಬ್ಬರು ಬಂದರು. ಪ್ರೊಫೆಸರರ ಕೋಣೆಯಲ್ಲೇ ಮಾತು. ಸೂಲೂರಿನ ಹೊಲದವರನ್ನು ಮೊದಲೇ ಕಂಡು ಬಂದಿದ್ದ ಅವರು, ಮಣ್ಣಿನ ವಿಷಯ ಅರ್ಜಿಯಲ್ಲಿ ಯಾಕೆ ಇಲ್ಲ, ಇಲ್ಲಿ ಯಾರಿಗೂ ಹೊಳೆಯಲಿಲ್ಲವೇ ಎಂದು ಕೇಳಿದರು. ಪ್ರೊಫೆಸರರು ಎದ್ದು ಬೀರುವಿನಿಂದ ಫೈಲು ತೆಗೆದರು. ಕಾರ್ಬನ್ ಪ್ರತಿಯ ಆ ಹಾಳೆಗೆ ಬಂದು ಅವರ ಬೆರಳು ನಿಂತಿತು. ಅಧಿಕಾರಿಯ ಕೈಯಲ್ಲಿದ್ದ ಪ್ರತಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಫೈಲು ಮುಚ್ಚಿ ಇಂಗ್ಲಿಷಿನಲ್ಲಿ, ಅರ್ಜಿ ನೋಡಿ ಸಹಿ ಮಾಡಿದವನು ನಾನು, ತಪ್ಪು ನನ್ನದು ಎಂದರು.

ಅನುದಾನ ನಿಂತಿತು. ಆಮೇಲೆ ಅರ್ಜಿ ನೋಡುವ ಹೊಣೆಯನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟರು.

ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಅದಲ್ಲ. ಆ ಫೈಲು ಅವರ ಬೀರುವಿನಲ್ಲೇ ಇದೆ, ಈ ಮೌನಕ್ಕೆ ಬದಲಾಗಿ ಏನು ಕೇಳುತ್ತಾರೋ ಎಂದು ಕಾಯತೊಡಗಿದೆ. ಅವರು ನನ್ನ ಹೆಸರು ಹಿಡಿದು ಕರೆದರೆ ಸಾಕು, ಕೇಳುವ ದಿನ ಬಂತು ಎಂದುಕೊಳ್ಳುತ್ತಿದ್ದೆ. ಹೊಣೆ ಹೋದ ಮೇಲೂ ಅವರ ಸಲಹೆ ಕೇಳಿ ಬಂದಿದ್ದ ಹೊಸಬರೊಬ್ಬರ ಅರ್ಜಿಯನ್ನು ಒಮ್ಮೆ ನನ್ನ ಕೈಗಿಟ್ಟು, "ಇದು ಎಲ್ಲಿ ಕೆಡುತ್ತೆ ಅಂತ ನೋಡಿ ಹೇಳು ತಂಬಿ. ನಿಂಗೆ ಗೊತ್ತಾಗುತ್ತೆ" ಎಂದರು. ಚುಚ್ಚುತ್ತಿದ್ದಾರೆ ಎಂದುಕೊಂಡೆ. ಈಗ ಯೋಚಿಸಿದರೆ... ನಿಜಕ್ಕೂ ಸಹಾಯವನ್ನೇ ಕೇಳಿದ್ದಿರಬಹುದು.

ನಿವೃತ್ತರಾಗಿ ಹೋಗುವವರೆಗೂ ಅವರು ಏನನ್ನೂ ಕೇಳಲಿಲ್ಲ. ಕೆಲ ಕಾಲದ ನಂತರ ತೀರಿಕೊಂಡ ಸುದ್ದಿ ಬಂದಾಗ ತೊಂಡಾಮುತ್ತೂರಿಗೆ ಹೋದೆ. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ದುಃಖಕ್ಕಿಂತ ಹೆಚ್ಚಾಗಿ, ಮನೆಯವರಿಗೆ ಎಷ್ಟು ಗೊತ್ತಿದೆ ಎಂದು ತಿಳಿಯಲು ಹೋಗಿದ್ದೆ. ಅವರ ಹೆಂಡತಿ ನನ್ನ ಹೆಸರನ್ನು ಎರಡು ಸಲ ಕೇಳಿಸಿಕೊಂಡರು.

"ಗ್ಯಾಪಕ ಬರ್ತಾ ಇಲ್ವೇ ಸಾಮಿ. ಕಾಲೇಜಿನ ಮಾತು ಅವ್ರು ಮನೇಲಿ ಆಡ್ತಾನೇ ಇರಲಿಲ್ಲ. ನೀವು ಅವರತ್ರ ಓದಿದವರಾ?"

ಹೌದಮ್ಮಾ ಎಂದೆ. ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಕನ್ನಡ ಅಕ್ಷರ ಕಲಿತದ್ದು ಕೆಲಸ ಬಿಟ್ಟ ಮೇಲೆ. ಮನೆಮಾತಿನಲ್ಲಿ ನಾನೇ ಕೂತು ಬರೆದ ಮೊದಲ ದೊಡ್ಡ ಬರಹ ಇದು. ಅವರ ಹೆಂಡತಿಯೂ ಈಗಿಲ್ಲ, ಆ ಅಧಿಕಾರಿಯೂ ಇಲ್ಲ. ಪ್ಯಾರಾ ತೆಗೆದವನು ನಾನು ಎಂದರೆ ಕೋಪಿಸಿಕೊಳ್ಳಲು ಯಾರೂ ಉಳಿದಿಲ್ಲ. ಪ್ರೊಫೆಸರರ ಕೋಣೆಯ ಬಾಗಿಲು ಎಷ್ಟೋ ವರ್ಷ ನನಗೆ ತೆರೆದೇ ಇತ್ತು, ಒಳಗೆ ಹೋಗಿ ಹೇಳಬಹುದಿತ್ತು...