ಪೂಜೆಗಿಟ್ಟ ಕಟರ್

ಗೇರುಬೀಜದ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಸಿಪ್ಪೆ ಬಿಡಿಸಿದವಳ ಬೆರಳು ಹೇಗಿರುತ್ತದೆಂದು ನಮ್ಮ ಕುಮಟೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಪ್ಪೆಯ ಎಣ್ಣೆ ಚರ್ಮವನ್ನು ತಿಂದು ತಿಂದು ನನ್ನ ಬೆರಳ ತುದಿಗಳು ನುಣ್ಣಗಾಗಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ನಾನು ನಾನಲ್ಲ ಎಂದು ಅದು ಹೇಳುತ್ತದೆ. ಈ ಬೆರಳಲ್ಲಿ ಅಕ್ಕಿ ಆರಿಸಬಹುದು, ಮೀನು ಕೊಯ್ಯಬಹುದು, ಬಟ್ಟೆ ಹಿಂಡಬಹುದು. ದಪ್ಪ ಪ್ಲಾಸ್ಟಿಕ್ ಹರಿಯುವುದು ಮಾತ್ರ ಆಗುವುದಿಲ್ಲ, ಹಿಡಿದಷ್ಟೂ ಜಾರುತ್ತದೆ. ನನ್ನ ಗಂಡನ ಜೀವ ಎರಡು ವರ್ಷ ಇದ್ದದ್ದು ಅಂಥ ಪ್ಲಾಸ್ಟಿಕ್ಕಿನೊಳಗೆ.

ಅವರು ಟೆಂಪೊ ಓಡಿಸುತ್ತಿದ್ದರು. ಕುಮಟೆಯಿಂದ ಹೊನ್ನಾವರ, ಹೊನ್ನಾವರದಿಂದ ಭಟ್ಕಳ. ಅಕ್ಕಿ, ಸಿಮೆಂಟು, ಮದುವೆ ಮನೆಯ ಕುರ್ಚಿ, ಯಾರು ಏನು ಹೇರಿದರೂ ಇಲ್ಲ ಎಂದವರಲ್ಲ. ಸಕ್ಕರೆ ಕಾಯಿಲೆ ಮೊದಲು ಕಾಲ್ಬೆರಳು ಮರಗಟ್ಟಿಸಿತು, ಆಮೇಲೆ ಕೈಬೆರಳು, ಕೊನೆಗೆ ಎರಡೂ ಕಿಡ್ನಿಗೆ ಕೈಯಿಕ್ಕಿತು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರದ ಪಕ್ಕ ಮಲಗುವುದು ಅವರಿಗೆ ಸುತರಾಂ ಒಗ್ಗಲಿಲ್ಲ. ‘ಗಾಡಿ ಸರ್ವಿಸ್ಸಿಗೆ ಬಿಟ್ಟಂಗೆ ನಂಗೆ ಮಲಗೂಕಾಗೂದಿಲ್ಲ’ ಎಂದರು. ಆಗ ಮಂಗಳೂರಿನ ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ಇನ್ನೊಂದು ದಾರಿ ಹೇಳಿದರು. ಹೊಟ್ಟೆಗೆ ಸಣ್ಣದೊಂದು ನಳಿಗೆ ಕೂರಿಸಿದರು. ದಿನಕ್ಕೆ ನಾಲ್ಕು ಸಲ ಹಳೆಯ ನೀರನ್ನು ಹೊಟ್ಟೆಯಿಂದ ಇಳಿಸಿ, ಔಷಧದ ಹೊಸ ನೀರನ್ನು ಬಿಡಬೇಕು. ಎರಡು ಲೀಟರಿನ ನೀರಿನ ಚೀಲ, ಅದರ ಮೇಲೊಂದು ದಪ್ಪನೆಯ ಹೊರಚೀಲ.

ಅಲ್ಲಿಯ ಸಿಸ್ಟರು ಒಂದು ವಾರ ಕೂರಿಸಿಕೊಂಡು ನನಗೆ ಕಲಿಸಿದರು. ಕೈ ತೊಳೆಯುವುದು, ಮೂಗು ಬಾಯಿ ಕಟ್ಟಿಕೊಳ್ಳುವುದು, ಫ್ಯಾನು ಆರಿಸಿ ಕಿಟಕಿ ಮುಚ್ಚುವುದು. ಹೊರಚೀಲಕ್ಕೆ ಕತ್ತರಿ ತಾಗಿಸಬಾರದು. ಒಳಚೀಲಕ್ಕೆ ಸೂಜಿಮೊನೆಯಷ್ಟು ತೂತಾದರೂ ಸಾಕು, ಇನ್ಫೆಕ್ಷನ್ ನೇರ ಹೊಟ್ಟೆಗೇ ಇಳಿಯುತ್ತದೆ. ಅಂಚಿನಲ್ಲಿ ಒಂದು ಕಚ್ಚು ಇದೆ, ಅಲ್ಲಿಂದ ಕೈಯಲ್ಲೇ ಹರಿಯಿರಿ ಎಂದರು. ನಾನು ಬೆರಳು ಚಾಚಿದೆ. ಅವರು ಮುಟ್ಟಿ ನೋಡಿ, ನನ್ನ ಗಂಡನ ಕೈ ನೋಡಿದರು. ಮರಗಟ್ಟಿದ ಆ ಕೈಗೆ ಬಿಸಿ ಲೋಟವೇ ಗೊತ್ತಾಗುತ್ತಿರಲಿಲ್ಲ. ಕುರುಡನಿಗೆ ಕುಂಟ ಜೊತೆ ಎನ್ನುವ ಹಾಗೆ ಇಬ್ಬರೂ ಊರಿಗೆ ಬಂದೆವು.

ಮೊದಲ ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಬೇರೆ ದಾರಿಯಿಲ್ಲದೆ ಕತ್ತರಿಯನ್ನೇ ಹಿಡಿದೆ. ತುದಿಯಷ್ಟೇ ತಾಗಿಸಿ, ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದೆ. ಎರಡು ಚೀಲ ತೂತಾಗಿ ಬಚ್ಚಲಿಗೆ ಹೋದವು. ಮೂರನೆಯದು ತೂತಾಗಿದೆಯೋ ಇಲ್ಲವೋ ಗೊತ್ತಾಗದೆ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಅವರು ಗೋಡೆಗೊರಗಿ, ‘ಅಳೂಕೆ ಇದೇನ್ ಕೂಸಾ?’ ಎಂದು ತಮಾಷೆ ಮಾಡಿದರು.

ಭಟ್ಕಳದ ಪೇಟೆಯಲ್ಲಿ ಗಲ್ಫಿನ ಸಾಮಾನು ಮಾರುವ ಸಾಯ್ಬರೊಬ್ಬರಿದ್ದಾರೆ. ಅವರ ಪೆಟ್ಟಿಗೆಗಳನ್ನು ನನ್ನ ಗಂಡ ಎಷ್ಟೋ ವರ್ಷ ಸಾಗಿಸಿದ್ದರು. ಒಂದು ದಿನ ನಾವಿಬ್ಬರೂ ಅವರನ್ನು ಕಂಡು ಬರಲು ಹೋದಾಗ ನಮ್ಮ ಕಷ್ಟ ಕೇಳಿ, ಸಾಯ್ಬರು ಮೇಜಿನ ಕೆಳಗಿಂದ ಒಂದು ವಸ್ತು ತೆಗೆದರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು, ಹಳದಿ ಬಣ್ಣದ್ದು. ತುದಿಯಲ್ಲಿ ಒಂದು ಕೊಕ್ಕೆ, ಕೊಕ್ಕೆಯ ಸೀಳಿನೊಳಗೆ ಬ್ಲೇಡು. ಆ ಸೀಳಿನಲ್ಲಿ ಪ್ಲಾಸ್ಟಿಕ್ ಹೋಗುತ್ತದೆ, ಬೆರಳು ಹೋಗುವುದಿಲ್ಲ.

‘ಇದು ನಮ್ ಪಾರ್ಸೆಲ್ ಬಿಚ್ಚೂ ಕಟರ್ ಅಕ್ಕ. ಮೇಲಿಂದು ಮಾತ್ರ ಕುಯ್ತದೆ, ಒಳಗಿನ ಮಾಲಿಗೆ ಎಂತದೂ ಆಗೂದಿಲ್ಲ. ತಕೊಳಿ’ ಎಂದು ನನ್ನ ಕೈಗೆ ಕೊಡಲು ಬಂದರು.

‘ಕೈಗೆ ಬೇಡ ಸಾಯ್ಬ್ರೆ, ಮೇಜಿನ ಗಾಜಿನ ಮೇಲಿಡಿ’ ಎಂದರು ನನ್ನ ಗಂಡ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಕೊಂಡವರಿಗೂ ಜಗಳವಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಸಾಯ್ಬರು ನಕ್ಕರು. ‘ಬ್ಲೇಡೇ ಕಾಣೂದಿಲ್ಲ, ಇದಕ್ಕೂ ನಿಂದು ಶಾಸ್ತ್ರವಾ?’ ಎಂದರೂ ಗಾಜಿನ ಮೇಲೆ ಇಟ್ಟರು. ನಾನು ಎತ್ತಿಕೊಂಡೆ.

ಮನೆಗೆ ಬಂದು ಕೊಕ್ಕೆಯನ್ನು ಚೀಲದ ಅಂಚಿಗೆ ಸಿಕ್ಕಿಸಿ ಎಳೆದೆ. ಹೊರಚೀಲ ಸರ್ರನೆ ಬಿಚ್ಚಿಕೊಂಡಿತು, ಒಳಚೀಲಕ್ಕೆ ಒಂದು ಗೀರೂ ಇಲ್ಲ. ಆ ದಿನ ನನಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ಅವರು ಮುನಿಸಿಕೊಳ್ಳುವಂತೆ ನಟಿಸಿದರು. ಎರಡು ವರ್ಷ ಹಾಗೆಯೇ ನಡೆಯಿತು. ಅವರು ಗದ್ದೆಯ ಬದುವಿನ ಮೇಲೆ ಅಡ್ಡಾಡುವಷ್ಟಾದರು, ಚಾ ಅಂಗಡಿಗೆ ಹೋಗಿ ಹರಟುವಷ್ಟಾದರು. ಕಟರ್ ಸದಾ ಸ್ಪಿರಿಟ್ಟಿನ ಬಾಟಲಿಯ ಪಕ್ಕದಲ್ಲಿರುತ್ತಿತ್ತು.

ಕುಮಟೆಯ ಪಕ್ಕದ ಹೊಳನಗದ್ದೆಯ ನಮ್ಮ ಮನೆಯಲ್ಲಿ ನವರಾತ್ರಿಯ ನವಮಿಯ ದಿನ ಹರಿತವಾದದ್ದೆಲ್ಲ ದೇವರ ಮುಂದೆ ಹೋಗುತ್ತದೆ. ಮೆಟ್ಟುಗತ್ತಿ, ಕತ್ತರಿ, ಗುದ್ದಲಿ, ಗಾಡಿಯ ಪಾನಾ. ಕುಂಕುಮ ಹಚ್ಚಿ ಹೂವಿಟ್ಟ ಮೇಲೆ ದಶಮಿಯ ಪೂಜೆಯಾಗುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತೇವೆ. ಈ ಪೂಜೆಯೆಂದರೆ ನನ್ನ ಗಂಡನಿಗೆ ಪ್ರಾಣ. ಹಿಂದಿನ ವರ್ಷ ಕಟರನ್ನು ಪೂಜೆಗೆ ಇಟ್ಟಿರಲಿಲ್ಲ. ಆದರೆ ಆ ವರ್ಷ ಟೆಂಪೊ ಮಾರಿಯಾಗಿತ್ತು. ಬೆಳಗಿನ ಚೀಲ ಮುಗಿಸಿ ನಾನು ಒಲೆಯ ಮುಂದಿದ್ದಾಗ ಅವರು ದೇವರ ಕೋಣೆಯಿಂದ ಕರೆದರು. ಹೋಗಿ ನೋಡಿದರೆ, ಪ್ರತಿ ವರ್ಷ ಗಾಡಿಯ ಕೀಲಿ ಇಡುತ್ತಿದ್ದ ತಾಟಿನಲ್ಲಿ ಹಳದಿ ಕಟರ್ ಇತ್ತು.

‘ನನ್ನ ಆಯುಧ ಈಗ ಇದೇ ಅಲ್ದಾ’ ಎಂದರು.

ನಾನು ನಕ್ಕೆ. ಜಡೆಯಿಂದ ಒಂದು ತುಂಡು ಮಲ್ಲಿಗೆ ತೆಗೆಯಲು ಹೋಗಿ, ಮುಡಿದ ಹೂ ಬೇಡವೆಂದು ಬುಟ್ಟಿಯ ಹೂವನ್ನೇ ತಂದು ಅದರ ಮೇಲಿಟ್ಟೆ. ಮಧ್ಯಾಹ್ನದ ಚೀಲದ ನೆನಪು ನನಗೂ ಆಗಲಿಲ್ಲ, ಅವರಿಗೂ ಆಗಲಿಲ್ಲ.

ಒಂದು ಗಂಟೆಗೆ ಚೀಲ ಹಿಡಿದು ಕೂತಾಗ ನೆನಪಾಯಿತು. ‘ಕಟರ್ ತಕಂಡ್ ಬತ್ತೆ’ ಎಂದು ಎದ್ದೆ.

‘ಬೇಡ. ನಾಳೆ ತನಕ ಮುಟ್ಟೂದಲ್ಲ.’

‘ಹಂಗಾರೆ ನೀರು ಬಿಡೂದು ಹ್ಯಾಂಗೆ?’

‘ಕೈಯಲ್ಲೇ ಹರಿ. ಒಂದಿನದ ಮಾತು ಅಲ್ದಾ.’ ಆಮೇಲೆ ಮೆಲ್ಲಗೆ ಹೇಳಿದರು, ‘ಇಪ್ಪತ್ತೈದ್ ವರ್ಷ ನಂದೊಂದು ಎಕ್ಸಿಡೆಂಟ್ ಆಗ್ಲಿಲ್ಲ. ಎಂತಕೆ ಹೇಳು? ಈ ಒಂದಿನ ನಾ ಸ್ಟೇರಿಂಗ್ ಮುಟ್ತಿರ್ಲಿಲ್ಲ.’

ನನಗೆ ಸಿಟ್ಟು ನೆತ್ತಿಗೇರಿತು. ದೇವರಿಗೆ ನಿಮ್ಮ ಜೀವಕ್ಕಿಂತ ಆ ಪ್ಲಾಸ್ಟಿಕ್ ಹೆಚ್ಚಾಯಿತಾ ಎಂದು ಕೇಳಿದೆ. ಹೋಗಿ ತರಬಹುದಿತ್ತು, ಅವರೇನು ಎದ್ದು ಬಂದು ಕೈ ಹಿಡಿಯುತ್ತಿರಲಿಲ್ಲ. ಆದರೆ ನನ್ನದೂ ಹಟದ ಸ್ವಭಾವ. ಆಗಲಿ, ನಾನು ಹೇಗೆ ಒದ್ದಾಡುತ್ತೇನೆಂದು ಕೂತು ನೋಡಲಿ ಎಂದುಕೊಂಡೆ. ಕಚ್ಚು ಹಿಡಿದು ಎಳೆದೆ, ಜಾರಿತು. ಸೆರಗಿನಲ್ಲಿ ಹಿಡಿದು ಎಳೆದೆ, ಅಂಚು ಹಿಗ್ಗಿತೇ ಹೊರತು ಹರಿಯಲಿಲ್ಲ. ಮುಖಕ್ಕೆ ಕಟ್ಟಿದ ಮಾಸ್ಕ್ ಕೆಳಗೆಳೆದು ಹಲ್ಲಿನಲ್ಲಿ ಕಚ್ಚಿದೆ. ಒಮ್ಮೆಲೇ ಹೊರಚೀಲ ಉದ್ದಕ್ಕೂ ಸೀಳಿತು. ಒಳಚೀಲ ಮಡಿಲಿಂದ ಜಾರಿ ನೆಲಕ್ಕೆ ಬಿತ್ತು. ಅದರ ನಳಿಗೆಯ ತುದಿಯ ಮುಚ್ಚಳ ಕಳಚಿ ಮಂಚದ ಕೆಳಗೆ ಉರುಳಿತು.

ಬಿದ್ದದ್ದನ್ನು ಎಸೆಯಬೇಕು. ಸಿಸ್ಟರು ಅದನ್ನು ಹತ್ತು ಸಲ ಹೇಳಿದ್ದರು. ಆದರೆ ಮನೆಯಲ್ಲಿ ಉಳಿದದ್ದು ಅದೂ ಸೇರಿ ಏಳೇ ಚೀಲ, ದಶಮಿಯ ರಾತ್ರಿಯ ತನಕ ಲೆಕ್ಕಕ್ಕೆ ಸರಿಯಾಗಿ. ಹಬ್ಬದ ರಜೆಯಿಂದಾಗಿ ಚೀಲಗಳ ಹೊಸ ಪೆಟ್ಟಿಗೆಗಳು ಬರುವುದು ದಶಮಿ ಕಳೆದ ಮೇಲೆ. ಇದನ್ನು ಎಸೆದರೆ ಒಂದು ಹೊತ್ತಿನದು ತಪ್ಪುತ್ತದೆ, ಅವರಿಗೆ ಉಸಿರು ಕಟ್ಟಿ ಕಾಲು ಬಾತುಕೊಳ್ಳುತ್ತದೆಂದು ಹೆದರಿದೆ. ಒಂದು ಹೊತ್ತು ತಪ್ಪಿದರೆ ಅಂಥ ಪ್ರಮಾದವಿಲ್ಲ ಎಂದು ಆಮೇಲೆ ಗೊತ್ತಾಯಿತು. ಆಗ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ತುದಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಮೂರು ಸಲ ಒರೆಸಿ, ಅವರ ಹೊಟ್ಟೆಯ ನಳಿಗೆಗೆ ಜೋಡಿಸಿದೆ. ಅವರು ಎಲ್ಲವನ್ನೂ ನೋಡುತ್ತಿದ್ದರು.

ಸಂಜೆಯ ಚೀಲದ ಹೊತ್ತಿಗೆ ಅವರೇ ಗೋಡೆ ಹಿಡಿದುಕೊಂಡು ದೇವರ ಕೋಣೆಗೆ ಹೋದರು. ಕಟರ್ ತಂದು ನನ್ನ ಮುಂದೆ ನೆಲದ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

‘ತಕೋ. ದೇವ್ರು ಎಂತದೂ ಹೇಳೂದಿಲ್ಲ’ ಎಂದರು.

ಅದರ ಮೇಲೆ ಕುಂಕುಮವಿತ್ತು. ಒರೆಸಿ, ತೊಳೆದು, ಚೀಲ ಬಿಚ್ಚಿದೆ.

ಮೂರನೆಯ ದಿನ ಬೆಳಿಗ್ಗೆ ಹೊಟ್ಟೆಯಿಂದ ಇಳಿದ ನೀರು ಅಕ್ಕಿ ತೊಳೆದ ನೀರಿನಂತೆ ಬಂತು. ಅವರು ಮಂಚದ ಮೇಲೆ ಮಂಡಿ ಮಡಚಿಕೊಂಡು, ಹೊಟ್ಟೆ ಮುಟ್ಟಬೇಡ ಎಂದರು. ಮೈ ಸುಡುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಈ ಕಾಯಿಲೆ ನೋಡುವ ದೊಡ್ಡ ಆಸ್ಪತ್ರೆ ಇಲ್ಲ, ಏನಾದರೂ ಆದರೆ ದಕ್ಷಿಣಕ್ಕೆ, ಮಂಗಳೂರಿಗೇ ಓಡಬೇಕು. ಆಂಬುಲೆನ್ಸಿನಲ್ಲಿ ಮೈದುನ ಮುಂದೆ ಕೂತ, ನಾನು ಅವರ ಪಕ್ಕ. ಹೊನ್ನಾವರದ ಸೇತುವೆ ದಾಟುವಾಗ ಇಡಗುಂಜಿಯ ಗಣಪತಿಗೆ ಹೇಳಿಕೊಂಡೆ: ತಪ್ಪು ನನ್ನದು, ಹಲ್ಲು ನನ್ನದು, ಶಿಕ್ಷೆಯೂ ನನಗೇ ಇರಲಿ. ಭಟ್ಕಳದಲ್ಲಿ ರಸ್ತೆ ಕೆಲಸದ ಮುಂದೆ ಗಾಡಿ ನಿಂತಿತು. ಅವರು ಕಣ್ಣು ತೆರೆಯದೆ, ‘ಭಟ್ಕಳ ಬಂತಾ?’ ಎಂದು ಕೇಳಿದರು. ನಿಂತು ಹೊರಡುವ ರೀತಿಯಲ್ಲೇ ಅವರಿಗೆ ಊರು ಗೊತ್ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೇ ಕೇಳಿದರು, ‘ಚೀಲ ಹೇಗೆ ಬಿಚ್ಚಿದ್ರಿ? ಏನಾದರೂ ಬಿತ್ತಾ, ತಾಗಿತಾ?’ ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡನೇ ಮಂಚದಿಂದ, ‘ಇಲ್ಲ ಸಾರ್, ಕಟರ್ ಇತ್ತು. ಇವ್ಳು ಎಲ್ಲಾ ಕ್ಲೀನಾಗಿ ಮಾಡ್ತದೆ’ ಎಂದರು. ಆ ನೋವಿನಲ್ಲಿಯೂ ನನ್ನ ಮಾನ ಕಾಯಲು ಸುಳ್ಳು ಹೇಳಿದರು. ನಾನು ವಾರ್ಡಿನ ಹೊರಗೆ ಹೋಗಿ, ಡಾಕ್ಟರ ಹಿಂದೆ ಓಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಔಷಧ ಹೇಗೂ ಅದೇ ಕೊಡಬೇಕು ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಹೊಟ್ಟೆಯ ನಳಿಗೆ ತೆಗೆದರು. ಅವರಿಗೆ ಬೇಡವಾಗಿದ್ದ ಯಂತ್ರದ ಪಕ್ಕದಲ್ಲೇ ಮಲಗಿಸಿದರು. ಹನ್ನೊಂದನೆಯ ದಿನ ಬೆಳಗ್ಗೆ ನನ್ನ ಗಂಡ ತೀರಿಹೋದರು.

ಅಷ್ಟರಲ್ಲಿ ಹೊಸ ಪೆಟ್ಟಿಗೆಗಳು ಬಂದು ನಮ್ಮ ಜಗುಲಿಯಲ್ಲಿ ಕೂತಿದ್ದವು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು ಕಳಿಸಿದವರು. ಕಾರ್ಯವೆಲ್ಲ ಮುಗಿದ ಮೇಲೆ ಮೈದುನ ಅವನ್ನು ಹೊತ್ತುಕೊಂಡು ಹೋಗಿ ಎಸೆಯುತ್ತೇನೆ ಎಂದ. ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದೆ. ಒಂದೊಂದೇ ಚೀಲ ತೆಗೆದು ಕಟರ್ ಹಾಕಿ ಬಿಚ್ಚಿದೆ, ನೀರನ್ನು ಅಂಗಳಕ್ಕೆ ಬಿಟ್ಟೆ. ಎರಡು ದಿನ ಹಿಡಿಯಿತು. ಅಷ್ಟು ಚೀಲಗಳಲ್ಲಿ ಒಂದಕ್ಕೂ ಗೀರು ಬೀಳಲಿಲ್ಲ, ಒಂದೂ ಕೈಯಿಂದ ಜಾರಲಿಲ್ಲ. ಕೊಕ್ಕೆಯ ಸೀಳಿನೊಳಗೆ ಆ ದಿನದ ಕುಂಕುಮ ಸ್ವಲ್ಪ ಉಳಿದಿತ್ತು.

ಆ ಮಧ್ಯಾಹ್ನ ನಾನು ಕೂತಿದ್ದ ಜಾಗದಿಂದ ದೇವರ ಮುಂದಿನ ತಾಟಿಗೆ ಎಂಟು ಹೆಜ್ಜೆ. ಆಮೇಲೆ ಎಷ್ಟೋ ಸಲ ನಡೆದು ನೋಡಿದ್ದೇನೆ.