ಖಾಲಾ ಹೇಳಿದ ‘ಪರ್ಸೋಂ’

ಎರಡು ವರ್ಷದ ಹಿಂದೆ, ರಂಜಾನ್ ಮುಗಿದು ಎರಡು ಮೂರು ವಾರವಾಗಿದ್ದಾಗ ನಡೆದದ್ದಿದು. ನಾನು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿದ್ದೇನೆ. ಪರದೇಶದಲ್ಲಿ ಸಿಕ್ಕಿಬಿದ್ದ ನಮ್ಮವರನ್ನು ಹುಡುಕಿ ಕರೆತರುವುದು ನಮ್ಮ ವಿಭಾಗದ ಕೆಲಸ. ಹಬ್ಬದ ಮರುವಾರವೇ ದೂರದ ಒಂದು ದೇಶದಲ್ಲಿ ಕಾಳಗ ಶುರುವಾಗಿ, ಫೋನ್ ಹಿಡಿದು ಹಿಡಿದು ಕಿವಿ ಮರಗಟ್ಟಿ ಹೋಗಿತ್ತು. ಸಾಕಪ್ಪಾ ಸಾಕು ಎನ್ನಿಸಿ, ಹೇಗೋ ರಜೆ ಗಿಟ್ಟಿಸಿಕೊಂಡು ರಾಯಚೂರಿನ ತವರಿಗೆ ಬಂದು ಬಿದ್ದಿದ್ದೆ.

ಬಂದ ಮರುದಿನವೇ ಸಾಹೇಬರ ಫೋನ್. “ಮಾನ್ವಿ ನಿಮಗೆ ಹತ್ತಿರವಲ್ಲವೇ? ಅಲ್ಲಿಯ ಸಲೀಂ ಎಂಬ ಹುಡುಗ ಆ ದೇಶದ ಬೇಕರಿಯೊಂದರಲ್ಲಿದ್ದ. ಮಗ ಮೊನ್ನೆ ಮಾತಾಡಿದನೆಂದು ಅವನ ತಾಯಿ ನಮ್ಮವರಿಗೆ ಹೇಳಿದ್ದಾರೆ. ಕಾಳಗ ಶುರುವಾದಾಗಿನಿಂದ ಆ ಬೇಕರಿಯಿರುವ ಊರಿನಲ್ಲಿ ಫೋನೇ ಇಲ್ಲ. ಮೊನ್ನೆ ಮಾತಾಡಿದ್ದಾನೆಂದರೆ ಅವನು ಗಡಿ ದಾಟಿದ್ದಾನೆ ಎಂದೇ ಅರ್ಥ. ನೀವೊಮ್ಮೆ ಹೋಗಿ ಕೇಳಿ. ಖಚಿತವಾದರೆ, ಅವನನ್ನು ಕರೆತರಲು ಬೇಕರಿಗೆ ಹೊರಟ ಗಾಡಿಯನ್ನು ಬೇರೆ ಕಡೆ ತಿರುಗಿಸುತ್ತೇವೆ” ಎಂದರು.

“ರಜಾ ಅಂತ ಬಂದೀಯೋ, ಡ್ಯೂಟಿ ಮಾಡಾಕ ಬಂದೀಯೋ?” ಎಂದು ಅವ್ವ ಗೊಣಗಿದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಸುಡುಬಿಸಿಲಲ್ಲಿ ಮಾನ್ವಿಯವರೆಗೂ ಬಸ್ಸಿನಲ್ಲಿ ನಿಂತೇ ಹೋದೆ.

ಸಲೀಮನ ತಾಯಿ ಖಾಜಾಬೀ ಅವರದು ಬಜಾರಿನ ಓಣಿಯಲ್ಲಿ ಸಣ್ಣ ಬಳೆ ಅಂಗಡಿ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪಕ್ಕದ ಹೋಟೆಲಿಗೆ ಚಹಾ ಹೇಳಿದರು.

“ಪರ್ಸೋಂಚ್ ಮಾತಾಡ್ಯಾನಲ್ರೀ. ಆರಾಮ ಅದಾನ. ದಿಲ್ಲಿಯವ್ರಿಗೂ ಅದಾ ಹೇಳೀನಿ.”

“ಅಲ್ಲಿ ಜಗಳ ನಡದದ, ಗೊತ್ತದೇನ್ರಿ?”

“ಅದು ಬ್ಯಾರೆ ಕಡಿ ಇರಬೇಕ್ರಿ. ನಮ್ಮ ಹುಡುಗ ಫೋನ್ ಮಾಡೋದಾ ಅಪರೂಪ.”

ಪರ್ಸೋಂ ಅಂದರೆ ಮೊನ್ನೆ. ಅಲ್ಲಿಗೆ ಮುಗಿಯಿತು ಅಂದುಕೊಂಡು, ‘ಖಚಿತ’ ಎಂದು ಸಾಹೇಬರಿಗೆ ಮೆಸೇಜ್ ಬರೆದೆ. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಅಷ್ಟರಲ್ಲಿ ಚಹಾ ಬಂತು. ಸುಮ್ಮನೆ ಮಾತಿಗೆಂದು ಅವರ ಯಜಮಾನರ ಬಗ್ಗೆ ಕೇಳಿದೆ.

“ಅವ್ರು ಪರ್ಸೋಂ ಗುಜರ್ ಗಯೇ ನಾ ಬೇಟಾ” ಎಂದರು.

ಗಂಡ ತೀರಿಕೊಂಡು ಎರಡೇ ದಿನಕ್ಕೆ ಈಯಮ್ಮ ಅಂಗಡಿ ತೆರೆದು ಕೂತಿದ್ದಾರೆಯೇ?

“ಆಗ ಸಲೀಂ ಏಳನೇ ಕ್ಲಾಸ್ ಓದಾಕತ್ತಿದ್ದ” ಎಂದು ಅವರು ಮಾತು ಮುಂದುವರಿಸಿದರು. ಅಂದರೆ ಗಂಡ ಹೋಗಿ ವರ್ಷಗಳೇ ಆಗಿದ್ದವು.

ಅಪ್ಪ ಅವ್ವ ರಾಯಚೂರಿಗೆ ಬರುವ ಮುಂಚೆ, ದೇವದುರ್ಗದ ಕಡೆಯ ಗಬ್ಬೂರಿನಲ್ಲಿ ಬೆಳೆದವಳು ನಾನು. ನಮ್ಮ ಓಣಿಯ ತುಂಬ ದಖ್ನಿ ಉರ್ದು ಮಾತು. ದಖ್ನಿಯವರ ಪರ್ಸೋಂ ಹೋದ ವಾರವೂ ಆದೀತು, ಹತ್ತು ವರ್ಷದ ಹಿಂದಿನದೂ ಆದೀತು. ನಮ್ಮ ‘ಮೊನ್ನೆ’ಯೇನು ಕಮ್ಮಿಯೇ? ದೆಹಲಿಯವರಿಗೆ ಮಾತ್ರ ಅದು ನಿನ್ನೆಯ ಹಿಂದಿನ ದಿನ. ಗೊತ್ತಿದೆ ಎಂದುಕೊಂಡಿದ್ದನ್ನೇ ಮತ್ತೊಮ್ಮೆ ಕೇಳಬೇಕು ಎಂದು ಕಚೇರಿಯಲ್ಲಿ ನಮಗೆ ತರಬೇತಿ ಬೇರೆ ಕೊಟ್ಟಿದ್ದರು. ದಣಿದ ತಲೆಗೆ ಅದೆಲ್ಲ ಎಲ್ಲಿ ನೆನಪಾಗಬೇಕು? ಬರೆದ ಮೆಸೇಜನ್ನು ಕಳಿಸದೆ ಅಳಿಸಿ ಹಾಕಿದೆ.

“ಖಾಲಾ, ಸಲೀಂ ಫೋನ್ ಮಾಡಿದಾಗ ನೀವು ಏನು ಮಾಡಾಕತ್ತಿದ್ರಿ?” ಎಂದು, ನಮ್ಮ ಓಣಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದೆ.

“ಹಬ್ಬದ ಮುಂಚಿನ ದಿನ ನೋಡ್ರಿ ಅದು, ಚಾಂದ್ ರಾತ್. ಬಳಿ ಇಡಿಸ್ಕೊಳ್ಳೋ ಹೆಣ್ಮಕ್ಕಳ ಗದ್ಲದಾಗ ಮಾತಾ ಕೇಳವಲ್ದಾಗಿತ್ತು. ಆಮ್ಯಾಲ ಮಾಡಪಾ ಅಂತ ಇಟ್ಟುಬಿಟ್ಟೆ.”

“ಆಮ್ಯಾಲ ಮಾಡಿದ್ನೇನ್ರಿ?”

ಅವರು ಇಲ್ಲವೆಂದು ತಲೆಯಾಡಿಸಿದರು. ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟರು.

“ಜಗಳ ಯಾವಾಗ ಶುರು ಆತ್ರಿ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹಬ್ಬದ ಮರುವಾರ ರೀ” ಎಂದೆ.

ಅವರು ಅಳಲಿಲ್ಲ. ನನ್ನನ್ನೇ ನೋಡುತ್ತಾ, “ಇದನ್ನ ಕೇಳಾಕ ಬಂದ್ರೇನು ನೀವು?” ಎಂದರು. ನಾನು ಸ್ಟೂಲಿನಿಂದ ಎದ್ದೆ. ಹೊರಗೆ ಬಂದು, ಗಾಡಿ ತಿರುಗಿಸಬೇಡಿ, ಮಗ ಮಾತಾಡಿದ್ದು ಕಾಳಗಕ್ಕೆ ಮುಂಚೆ ಎಂದು ಸಾಹೇಬರಿಗೆ ಹೇಳಿದೆ. ಅವರೂ ದಣಿದಿದ್ದರು. “ಆಯಿತು” ಎಂದಷ್ಟೇ ಹೇಳಿ ಫೋನಿಟ್ಟರು.

ಸಲೀಂ ಸಿಕ್ಕಿದ್ದು ಅದೇ ಬೇಕರಿಯ ಹಿಟ್ಟಿನ ಕೋಣೆಯಲ್ಲಿ. ಕಾಲಿಗೆ ಪೆಟ್ಟು ಬಿದ್ದು ನಡೆಯಲಾಗದೆ, ಒಣ ಬ್ರೆಡ್ಡು ತಿಂದುಕೊಂಡು ಅಲ್ಲೇ ಉಳಿದಿದ್ದನಂತೆ. ಗಾಡಿ ಬೇರೆ ಕಡೆ ಹೋಗಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಳ್ಳಲು ನನಗೆ ಧೈರ್ಯ ಸಾಲದು.

ಅವನು ರಾಯಚೂರು ಸ್ಟೇಷನ್ನಿಗೆ ಬಂದಿಳಿದ ದಿನ ನಾನೂ ಹೋಗಿದ್ದೆ. ಖಾಜಾಬೀ ಮಗನ ಮುಖ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು.

“ಇರೋತನಕ ನಿಮಗ ದುವಾ ಮಾಡ್ತೀನಿ ಬೇಟಾ. ಆದ್ರ ನಮ್ಮ ಅಂಗಡಿಗಿ ಮತ್ತ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅವತ್ತಿನ ದಿನಾನ ನೆನಪಾಗತದ.”

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವರು ಹೇಳಿದ್ದು ನಿಜ. ನಾನು ಆ ಪ್ರಶ್ನೆ ಕೇಳುವವರೆಗೂ ಅವರ ಮಗ ಆರಾಮವಾಗಿದ್ದ. ನಮ್ಮ ಕೆಲಸದಲ್ಲಿ ಕೇಳದೆ ವಿಧಿಯಿಲ್ಲ, ಈಗಲೂ ಕೇಳುತ್ತೇನೆ. ಮಾನ್ವಿಗೆ ಹೋದಾಗ ಮಾತ್ರ ಆ ಓಣಿ ಬಿಟ್ಟು, ಸುತ್ತು ಹಾಕಿಕೊಂಡು ಹೋಗುತ್ತೇನೆ.